ಹಿತ್ತಲ ಕೋಳಿ ಮತ್ತು ವಿಷದ ಗಿಡ: ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬಹುದು

ಹೊಸದಾಗಿ ಕೋಳಿ ತಂದವರು ಮೊದಲ ವಾರದಲ್ಲೇ ವಿಷದ ಗಿಡಗಳ ಪಟ್ಟಿ ಹುಡುಕಲು ಕೂರುತ್ತಾರೆ. ಪಟ್ಟಿಯೇನೋ ಸಿಗುತ್ತದೆ, ಅದರಲ್ಲಿ ನೂರಾರು ಹೆಸರು. ಓದುತ್ತ ಹೋದರೆ ಅರ್ಧ ಹಿತ್ತಲು ಅದರಲ್ಲೇ ಇರುತ್ತದೆ. ಕೆಲವರು ಎಲ್ಲವನ್ನೂ ಕಿತ್ತು ಅಂಗಳ ಬೋಳು ಮಾಡುತ್ತಾರೆ, ಇನ್ನು ಕೆಲವರು ಹೆದರಿ ಕೋಳಿಯನ್ನು ಗೂಡಿನಿಂದ ಹೊರಗೇ ಬಿಡುವುದಿಲ್ಲ. ಎರಡೂ ಬೇಡ.

ಅಂಥ ಪಟ್ಟಿಗಳಲ್ಲಿ ಬಹುಪಾಲು ದನ, ಕುದುರೆ, ನಾಯಿ, ಮನುಷ್ಯರಿಗೆ ಆದದ್ದನ್ನು ನೋಡಿ ಬರೆದವು. ಕೋಳಿಯ ಲೆಕ್ಕ ಬೇರೆ. ಹರಳು ಬೀಜ ಕುದುರೆಗೆ ತೀರಾ ಸ್ವಲ್ಪ ಸಾಕು, ಕೋಳಿ ಅದರ ತೂಕಕ್ಕೆ ಹೋಲಿಸಿದರೆ ಎಷ್ಟೋ ಪಟ್ಟು ಹೆಚ್ಚು ತಡೆದುಕೊಳ್ಳುತ್ತದೆ. ಹಾಗೆಂದು ಹಾಕಬಹುದು ಎಂದಲ್ಲ. ನಾವು ಚಪ್ಪರಿಸಿ ತಿನ್ನುವ ಬೆಣ್ಣೆಹಣ್ಣು ಮಾತ್ರ ಹಕ್ಕಿಗಳ ಹೃದಯಕ್ಕೇ ಕೈಹಾಕುತ್ತದೆ. ಹಾಗಾಗಿ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಮೊದಲು ಕೋಳಿಯನ್ನು ನೋಡೋಣ.

ಕೋಳಿ ಗಿಡವನ್ನು ಹೇಗೆ ಪರೀಕ್ಷಿಸುತ್ತದೆ

ಒಂದು ಸಂಜೆ ಹಿತ್ತಲಲ್ಲಿ ಮಣೆ ಹಾಕಿಕೊಂಡು ಕೂತು ನೋಡಿ. ಹೇಂಟೆ ಗೊತ್ತಿಲ್ಲದ ಎಲೆಯ ಹತ್ತಿರ ಹೋದಾಗ ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ದಿಟ್ಟಿಸುತ್ತದೆ. ಅಂಚಿಗೆ ಒಮ್ಮೆ ಕುಕ್ಕುತ್ತದೆ. ರುಚಿ ಹಿಡಿಸದಿದ್ದರೆ ತಲೆ ಝಾಡಿಸಿ, ಕೊಕ್ಕನ್ನು ಆ ಕಡೆ ಈ ಕಡೆ ನೆಲಕ್ಕೆ ಒರೆಸಿಕೊಂಡು ಮುಂದೆ ಹೋಗುತ್ತದೆ. ಇದು ಹುಟ್ಟಿದ ಮರುದಿನವೇ ಬರುವ ಬುದ್ಧಿ. ನೆನಪಿನ ಶಕ್ತಿಯ ಕುರಿತ ಪ್ರಯೋಗಗಳಲ್ಲಿ ಕಹಿ ಬಳಿದ ಮಣಿಯನ್ನು ಒಂದು ದಿನದ ಮರಿಗಳ ಮುಂದೆ ಹಿಡಿಯುತ್ತಾರೆ. ಒಮ್ಮೆ ಕುಕ್ಕಿದ ಮರಿ ಅಂಥದೇ ಮಣಿಯನ್ನು ಮತ್ತೆ ತೋರಿಸಿದರೆ ಮುಟ್ಟುವುದಿಲ್ಲ.

ಕೋಳಿಗೆ ಸಿಹಿ ತಿಳಿಯುವುದಿಲ್ಲ, ಮೆಣಸಿನಕಾಯಿಯ ಖಾರ ತಾಗುವುದಿಲ್ಲ. ಕಹಿ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಗಿಡದ ವಿಷಗಳಲ್ಲಿ ಹೆಚ್ಚಿನವು ಕಹಿಯೇ ಆದ್ದರಿಂದ ಇಷ್ಟು ಜ್ಞಾನ ಅದಕ್ಕೆ ಸಾಲುತ್ತದೆ. ಹೊಟ್ಟೆ ತುಂಬಿದ, ಓಡಾಡಲು ಜಾಗವಿರುವ ಕೋಳಿ ದತ್ತೂರಿಯ ಪಕ್ಕದಲ್ಲೇ ದಿನವಿಡೀ ಕೆದಕಿದರೂ ಅದರ ಎಲೆಗೆ ಬಾಯಿ ಹಾಕುವುದು ಅಪರೂಪ.

ಹಾಗಾದರೆ ಅನಾಹುತ ಆಗುವುದು ಯಾವಾಗ? ನಾನು ಕಂಡ ಮಟ್ಟಿಗೆ ನಾಲ್ಕು ಸಂದರ್ಭ. ಕೋಳಿ ಹಸಿದಿರುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಬೇರೇನೂ ಹಸಿರಿರುವುದಿಲ್ಲ. ಅಮ್ಮನಿಲ್ಲದೆ ಬೆಳೆದ ಮರಿಗಳಾಗಿರುತ್ತವೆ. ನಾಲ್ಕನೆಯದು ನಮ್ಮದೇ ಕೈ: ಬೇಲಿ ಸವರಿದ ಸೊಪ್ಪು, ತರಕಾರಿ ಸಿಪ್ಪೆ, ಚೀಲದ ತಳದಲ್ಲಿ ಉಳಿದ ಕಾಳು, ಯಾವುದಾದರೂ ಸರಿ ತಂದು ಸುರಿಯುವುದು. ಕೈಯಿಂದ ಬಿದ್ದದ್ದನ್ನೆಲ್ಲ ಕೋಳಿ ಮೇವು ಎಂದೇ ನಂಬುತ್ತದೆ. ಬಾಡಿದ ಎಲೆಗೆ ಹಸಿ ಎಲೆಯ ಚಹರೆ ಇರುವುದಿಲ್ಲ, ಕೊಚ್ಚಿ ಬೆರೆಸಿದರೆ ಆರಿಸಿ ಬಿಡಲೂ ಆಗುವುದಿಲ್ಲ. ಆದ್ದರಿಂದ ಗಿಡಕ್ಕಿಂತ ಮೊದಲು ಸರಿಮಾಡಬೇಕಾದ್ದು ಈ ನಾಲ್ಕನ್ನು.

ಕೋಳಿಯ ಈ ರುಚಿ ನೋಡುವ ಜಾಣತನಕ್ಕೂ ಒಂದು ಮಿತಿ ಇದೆ. ಕಹಿಯಿಲ್ಲದ, ನಿಧಾನವಾಗಿ ಪಿತ್ತಜನಕಾಂಗ ತಿನ್ನುವ ವಿಷಗಳನ್ನು ಕೋಳಿ ಕಂಡುಹಿಡಿಯಲಾರದು. ಇಂದು ತಿಂದದ್ದಕ್ಕೆ ಮೂರು ವಾರದ ಮೇಲೆ ಕಾಯಿಲೆ ಬಿದ್ದರೆ ಯಾವ ಪ್ರಾಣಿ ತಾನೇ ಪಾಠ ಕಲಿತೀತು?

ಮೊದಲ ಹೆಜ್ಜೆ: ಕುಕ್ಕರಗಾಲಲ್ಲಿ ಒಂದು ಸುತ್ತು

ನಿಂತು ನೋಡಿದರೆ ಸಾಲದು, ಕುಕ್ಕರಗಾಲಲ್ಲಿ ಕೂತು ನೋಡಬೇಕು. ಕೋಳಿಯ ಕೊಕ್ಕು ಎಟಕುವುದು ಸುಮಾರು ಮೊಣಕಾಲೆತ್ತರ, ನೆಗೆದರೆ ಇನ್ನಷ್ಟು. ಆದರೆ ಅದರ ಗಮನವೆಲ್ಲ ನೆಲದ ಮೇಲೆ. ಮರದ ಎಲೆ ಮೇಲಿದ್ದರೂ ಬೀಜ ಕೆಳಗೆ ಬಿದ್ದಿರುತ್ತದೆ. ಬೇಲಿಯಾಚೆಯ ಬಳ್ಳಿಯ ಕಾಯಿ ಒಡೆದು ಈಚೆ ಸಿಡಿದಿರುತ್ತದೆ. ಒಂದು ಹಾಳೆಯಲ್ಲಿ ಹಿತ್ತಲ ನಕ್ಷೆ ಗೀಚಿ ಮರ, ಪೊದೆ, ಬಳ್ಳಿ, ಕುಂಡ ಗುರುತು ಹಾಕಿಕೊಳ್ಳಿ. ಹೆಸರು ಗೊತ್ತಿಲ್ಲದ್ದಕ್ಕೆ ಪ್ರಶ್ನೆ ಚಿಹ್ನೆ ಹಾಕಿ, ಹೂವು ಮತ್ತು ಕಾಯಿ ಕಾಣುವಂತೆ ಫೋಟೊ ತೆಗೆಯಿರಿ. ಬರೀ ಎಲೆ ನೋಡಿ ಗಿಡ ಗುರುತಿಸಲು ಹೋದರೆ ಗಿಡ ಬಲ್ಲವರೂ ಎಡವುತ್ತಾರೆ.

ಎರಡನೆಯ ಹೆಜ್ಜೆ: ಕೀಳುವುದು, ಅಡ್ಡ ಹಾಕುವುದು, ಬಿಡುವುದು

ನಕ್ಷೆಯಲ್ಲಿರುವುದನ್ನು ಮೂರು ಪಾಲು ಮಾಡಬೇಕು. ಕೀಳುವ ಪಾಲಿಗೆ ನಾನು ಹಾಕುವುದು ಬಹುತೇಕ ಬೀಜದ ಗಿಡಗಳನ್ನು. ಕೋಳಿ ಕಾಳು ಹೆಕ್ಕುವ ಹಕ್ಕಿ. ಎಲೆಯನ್ನು ರುಚಿ ನೋಡಿ ಬಿಟ್ಟೀತು, ಕಾಳನ್ನು ನುಂಗಿಯೇ ಬಿಡುತ್ತದೆ.

ಗುಲಗಂಜಿ ಅದರಲ್ಲಿ ಮೊದಲನೆಯದು. ಕೆಂಪು ಮೈ, ಕಪ್ಪು ಚುಕ್ಕೆ, ಮಣ್ಣಲ್ಲಿ ಮಿರಮಿರ ಮಿಂಚುವ ಬೀಜ, ಒಳಗೆ ಏಬ್ರಿನ್ ಎಂಬ ವಿಷ. ಹೊರಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದರೆ ಹಾಗೇ ಹೊರಬರುತ್ತದೆ ಎಂದು ಹೇಳುವವರಿದ್ದಾರೆ. ಮನುಷ್ಯನ ಹೊಟ್ಟೆಯಲ್ಲಿ ಹಾಗಾಗಬಹುದು. ಕೋಳಿಗಿರುವುದು ಕಲ್ಲಿನ ಚೂರು ತುಂಬಿಕೊಂಡು ಕಾಳು ಅರೆಯುವ ಹೊಟ್ಟೆ. ಆ ಮಾತನ್ನು ನಂಬಿ ಕೂರುವಂತಿಲ್ಲ. ಹರಳು, ಕಾಡುಹರಳು ಅಂದರೆ ಜಟ್ರೋಫಾ, ಇವೂ ಇದೇ ಸಾಲಿನವು. ಹರಳಿನ ವಿಷವಾದ ರಿಸಿನ್ ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಹೂಗಿಡಕ್ಕೆ ಗೊಬ್ಬರವೆಂದು ಹರಳಿಂಡಿ ಹಾಕುವವರು ಕೋಳಿ ಕೆದಕುವ ಪಾತಿಗೆ ಹಾಕಬೇಡಿ.

ಗಿಲಿಗಿಚ್ಚಿಯನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಬರುತ್ತದೆ, ಒಳಗೆ ಸಣ್ಣ ಕಾಳುಗಳು. ಈ ಜಾತಿಯ ಹಲವು ಗಿಡಗಳ ಬೀಜದಲ್ಲಿ ಪೈರೊಲಿಝಿಡಿನ್ ಎಂಬ ಕ್ಷಾರವಸ್ತುಗಳಿವೆ. ಅವು ಪಿತ್ತಜನಕಾಂಗವನ್ನು ವಾರಗಟ್ಟಲೆ ಸದ್ದಿಲ್ಲದೆ ಹಾಳುಮಾಡುತ್ತವೆ. ಕೋಳಿ ಸೊರಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕಾಫಿಬೀಜದ ಬದಲಿಗೆ ಹುರಿದು ಬಳಸುವ ತಗಚೆ ಜಾತಿಯ ಕಳೆಯೊಂದಿದೆ, ಹಳದಿ ಹೂ, ಉದ್ದ ಚಪ್ಪಟೆ ಕಾಯಿ. ಅದರ ಬೀಜ ಮೇವಿನಲ್ಲಿ ಬೆರೆತರೆ ಕೋಳಿಯ ಸ್ನಾಯುಗಳು ಸವೆದು ಕಾಲು ಸೋಲುತ್ತವೆ. ದತ್ತೂರಿಯ ಅಪಾಯವೂ ಎಲೆಯಿಂದಲ್ಲ, ಕಾಳಿನ ರಾಶಿಯಲ್ಲಿ ಬೆರೆತು ಬರುವ ಬೀಜದಿಂದ.

ಅಡ್ಡ ಹಾಕುವ ಪಾಲಿಗೆ ಬೆಳೆದು ನಿಂತ, ಕೀಳಲು ಮನಸ್ಸಿಲ್ಲದ ಗಿಡಗಳು. ಕಣಗಿಲೆ ಮತ್ತು ಹಳದಿ ಕರವೀರದ ಮೈಯೆಲ್ಲ ಹೃದಯದ ಬಡಿತ ಕೆಡಿಸುವ ವಸ್ತುವಿದೆ, ಎಲೆ ಒಣಗಿದರೂ ಅದು ಹೋಗುವುದಿಲ್ಲ. ಉದುರಿದ ಎಲೆ ಗುಡಿಸುತ್ತಲೇ ಇರಬೇಕು, ಕರವೀರದ ಕಾಯಿಯನ್ನಂತೂ ಹೆಕ್ಕಲೇಬೇಕು. ಬೆಣ್ಣೆಹಣ್ಣಿನ ಮರದ ಎಲೆ, ತೊಗಟೆ, ಹಣ್ಣಿನ ಸಿಪ್ಪೆ, ಓಟೆ ಎಲ್ಲದರಲ್ಲೂ ಪರ್ಸಿನ್ ಎಂಬ ವಿಷವಿದೆ. ತಿಂದ ಹಕ್ಕಿಗೆ ಒಂದೆರಡು ದಿನದೊಳಗೆ ಉಸಿರು ಕಟ್ಟುತ್ತದೆ, ಕುತ್ತಿಗೆ ಮತ್ತು ಎದೆಯ ಚರ್ಮದಡಿ ನೀರು ಸೇರಿ ಊದಿಕೊಳ್ಳುತ್ತದೆ. ಗಿಣಿ, ಕೆನೇರಿಯಂಥ ಪಂಜರದ ಹಕ್ಕಿಗಳಿಗೆ ಹೋಲಿಸಿದರೆ ಕೋಳಿ ಗಟ್ಟಿ. ಆದರೂ ಬೆಣ್ಣೆಹಣ್ಣಿನ ಸಿಪ್ಪೆಯನ್ನು ಕೋಳಿಗೆ ಹಾಕುವ ಅಭ್ಯಾಸ ಬಿಡುವುದೇ ವಾಸಿ. ತಂಪು ಸೀಮೆಯ ತೋಟಗಳಲ್ಲಿ ಯೂ ಪೊದೆ, ರೋಡೊಡೆಂಡ್ರಾನ್, ಫಾಕ್ಸ್‌ಗ್ಲೋವ್ ಇದ್ದರೆ ಅವುಗಳ ಸುತ್ತಲೂ ಜಾಲರಿ ಬೇಕು.

ಬಿಡುವ ಪಾಲಿಗೆ ಉಳಿದವು. ಕುಂಡದ ಮನಿಪ್ಲಾಂಟ್, ಡೀಫನ್‌ಬೇಕಿಯಾ, ಹಸಿ ಕೆಸುವಿನ ಎಲೆ ಬಾಯಿಯೊಳಗೆ ಸೂಜಿ ಚುಚ್ಚಿದಂತೆ ಉರಿಸುತ್ತವೆ. ಕಚ್ಚಿದ ಕೋಳಿ ತಾನಾಗಿಯೇ ಬಿಡುವುದರಿಂದ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಮರಿಗಳಿದ್ದಾಗ ಮಾತ್ರ ಕುಂಡ ಎತ್ತಿಡುತ್ತೇನೆ. ಲಂಟಾನ ದನಕ್ಕೆ ದೊಡ್ಡ ಶತ್ರು. ಕೋಳಿ ಅದರ ಎಲೆ ತಿನ್ನುವುದನ್ನು ನಾನು ಕಂಡಿಲ್ಲ, ಹಸಿ ಕಾಯಿ ಎಟಕದಂತೆ ಕೆಳಗಿನ ರೆಂಬೆ ಸವರಿದರೆ ನನ್ನ ಮಟ್ಟಿಗೆ ಸಾಕು. ಟೊಮೇಟೊ ಗಿಡವನ್ನು ಕೋಳಿಗೆ ಹೆದರಿ ಕೀಳಬೇಕಿಲ್ಲ. ಕೋಳಿಯೇ ಹಣ್ಣು ಕುಕ್ಕಿ ನಿಮ್ಮ ಬೆಳೆ ಹಾಳುಮಾಡುವುದು ಬೇರೆ ಮಾತು.

ಕೀಳುವಾಗ

ಕೈಗವಸು ಹಾಕಿ. ಕಾಯಿ ಬಲಿಯುವ ಮೊದಲೇ ಕೀಳಿ, ಬಲಿತಿದ್ದರೆ ಕಾಯಿಯನ್ನು ಮೊದಲು ಚೀಲಕ್ಕೆ ಹಾಕಿಕೊಂಡು ಆಮೇಲೆ ಬುಡಕ್ಕೆ ಕೈಹಾಕಿ. ಕಿತ್ತದ್ದನ್ನು ಕೋಳಿ ಕೆದಕುವ ಗೊಬ್ಬರದ ಗುಂಡಿಗೆ ಎಸೆಯಬಾರದು. ಕಣಗಿಲೆಯನ್ನು ಸುಡಲೂ ಬಾರದು, ಅದರ ಹೊಗೆ ನಿಮಗೇ ಕೆಡುಕು. ಕಿತ್ತ ಜಾಗವನ್ನು ಗುಡಿಸಿ, ಬಿದ್ದ ಬೀಜ ಹೆಕ್ಕಿ, ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಿ. ಕೋಳಿಯನ್ನು ಆ ಕಡೆ ಬಿಡುವುದು ಅದಾದ ಮೇಲೆ. ಅಗೆದ ಹಸಿ ಮಣ್ಣು ಕಂಡರೆ ಮೊದಲು ಓಡಿ ಬರುವವರು ಅವೇ.

ಮೂರನೆಯ ಹೆಜ್ಜೆ: ಹೊಟ್ಟೆ ತುಂಬಿಸಿ ಬಿಡಿ

ಇಡೀ ಬರಹದಲ್ಲಿ ಒಂದನ್ನೇ ಮಾಡುತ್ತೀರಾದರೆ ಇದನ್ನು ಮಾಡಿ. ಮೊಟ್ಟೆ ಇಡುವ ಹೇಂಟೆಗೆ ದಿನಕ್ಕೆ ಸುಮಾರು 110ರಿಂದ 120 ಗ್ರಾಂ ಮೇವು ಬೇಕು. ಬೆಳಿಗ್ಗೆ ಗೂಡಿನಲ್ಲೇ ಕಾಳು ತಿನ್ನಿಸಿ, ನೀರು ಕುಡಿಸಿ, ಆಮೇಲೆ ಬಾಗಿಲು ತೆಗೆಯಿರಿ. ಹೊಸ ಜಾಗವಾದರೆ ಮೊದಲ ವಾರ ಸಂಜೆ ಕತ್ತಲಾಗುವ ಒಂದು ಗಂಟೆ ಮುಂಚೆ ಬಿಡುವುದು ಒಳ್ಳೆಯದು. ಅಷ್ಟು ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ, ಕತ್ತಲಾದರೆ ತಾವೇ ಗೂಡು ಸೇರುತ್ತವೆ, ನಿಮಗೂ ಕೂತು ನೋಡಲು ಪುರಸೊತ್ತು ಇರುತ್ತದೆ.

ಜಡಿಮಳೆಯಲ್ಲಿ ನಾಲ್ಕು ದಿನ ಮುಚ್ಚಿಟ್ಟು ಐದನೆಯ ದಿನ ಬಿಟ್ಟಾಗ ತುಂಬ ಜಾಗ್ರತೆ. ಅಷ್ಟು ದಿನ ಹಸಿರು ಕಾಣದ ಕೋಳಿ ಎದುರಿಗೆ ಸಿಕ್ಕಿದ್ದಕ್ಕೆಲ್ಲ ಮುಗಿಬೀಳುತ್ತದೆ. ಮುಚ್ಚಿಟ್ಟ ದಿನಗಳಲ್ಲಿ ದಿನಕ್ಕೊಂದು ಹಿಡಿ ಗೊತ್ತಿರುವ ಸೊಪ್ಪನ್ನು ಕಟ್ಟಿ ತೂಗುಹಾಕಿದರೆ ಈ ಹಪಾಹಪಿ ಇರುವುದಿಲ್ಲ. ಕಟ್ಟಿದ ಸೊಪ್ಪನ್ನು ಕೋಳಿ ಚೂರು ಚೂರಾಗಿ ಹರಿದು ತಿನ್ನುತ್ತದೆ. ಬಿಡಿಯಾಗಿ ಎಸೆದ ಉದ್ದ ಹುಲ್ಲನ್ನು ಹಾಗೇ ನುಂಗುತ್ತದೆ, ಅದು ಕುತ್ತಿಗೆ ಬುಡದ ಮೇವುಚೀಲದಲ್ಲಿ ಹಗ್ಗದುಂಡೆಯಾಗಿ ಕೂತುಬಿಡುತ್ತದೆ. ನನ್ನ ಅನುಭವದಲ್ಲಿ ವಿಷದಿಂದ ಸತ್ತ ಕೋಳಿಗಿಂತ ಹುಲ್ಲು ಕಟ್ಟಿಕೊಂಡು ನರಳಿದ ಕೋಳಿಗಳೇ ಹೆಚ್ಚು.

ನಾಲ್ಕನೆಯ ಹೆಜ್ಜೆ: ಅಡುಗೆಮನೆಯ ಬುಟ್ಟಿ

ಹಸಿರು ತಿರುಗಿದ ಆಲೂಗಡ್ಡೆ, ಅದರ ಸಿಪ್ಪೆ, ಮೊಳಕೆ ಬುಟ್ಟಿಗೇ ಬೀಳಬಾರದು. ಬೇಯಿಸಿದರೂ ಅದರ ಸೊಲನಿನ್ ಎಂಬ ವಿಷ ಹೋಗುವುದಿಲ್ಲ. ಮರಗೆಣಸಿನ ಹಸಿ ಎಲೆ, ಸಿಪ್ಪೆಯಲ್ಲಿ ಸಯನೈಡ್ ಹುಟ್ಟಿಸುವ ವಸ್ತುವಿದೆ. ರಾಜ್ಮಾದಂಥ ಒಣ ಬೀನ್ಸ್ ಕಾಳನ್ನು ಹಸಿಯಾಗಿ ಹಾಕಬಾರದು, ಅರೆಬೆಂದದ್ದನ್ನೂ ಹಾಕಬಾರದು. ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿದರೆ ಅದರ ಲೆಕ್ಟಿನ್ ಎಂಬ ವಿಷ ಸಾಯುತ್ತದೆ. ಕುದಿ ಬರದಷ್ಟು ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ವಿಷ ಹೆಚ್ಚಾಗುವುದೂ ಉಂಟು. ಈರುಳ್ಳಿ ರಾಶಿಗಟ್ಟಲೆ ಬೇಡ, ಚಾಕೊಲೇಟ್ ಬೇಡವೇ ಬೇಡ.

ಹತ್ತಿಬೀಜದ ಹಿಂಡಿ ತಿಂದ ಹೇಂಟೆಗೆ ಮೇಲ್ನೋಟಕ್ಕೆ ಏನೂ ಆಗದಿರಬಹುದು, ಆದರೆ ಇಟ್ಟ ಮೊಟ್ಟೆಯನ್ನು ಕೆಲವು ದಿನ ಇಟ್ಟು ಒಡೆದರೆ ಬಿಳಿ ಲೋಳೆ ಗುಲಾಬಿಯಾಗಿಯೂ ಹಳದಿ ಭಾಗ ಪಾಚಿಬಣ್ಣವಾಗಿಯೂ ಕಾಣುತ್ತದೆ. ಸುಬಾಬುಲ್ ಸೊಪ್ಪು ಆಗಾಗ ಒಂದು ಹಿಡಿಯಾದರೆ ಸರಿ, ಅದೇ ಮೇವಾದರೆ ಮರಿಗಳ ಬೆಳವಣಿಗೆ ಕುಂಠಿತವಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ.

ವಿಷದ ಗಿಡಕ್ಕೆ ಅಷ್ಟೆಲ್ಲ ಹೆದರುವವರು ಬೂಷ್ಟು ಹಿಡಿದ ಕಾಳನ್ನು ‘ಕೋಳಿಗೆ ಹಾಕಿದರಾಯ್ತು’ ಎಂದು ಸುರಿಯುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸಾಲಾಗಿ ಸತ್ತವು. ಕಾರಣ ಗೊತ್ತಾಗದೆ ಅದಕ್ಕೆ ‘ಟರ್ಕಿ ಎಕ್ಸ್’ ರೋಗ ಎಂದು ಹೆಸರಿಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಮೇವಿಗೆ ಬೆರೆಸಿದ್ದ ಶೇಂಗಾ ಹಿಂಡಿಯ ಬೂಷ್ಟು. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದಲೇ. ಬಿಸಿಲಿಗೆ ಒಣಗಿಸಿ ಜಾಡಿಸಿದರೆ ಬೂಷ್ಟು ಕಾಣದಾಗುತ್ತದೆ, ವಿಷ ಉಳಿದಿರುತ್ತದೆ. ಅಂಥ ಕಾಳನ್ನು ಮಣ್ಣಲ್ಲಿ ಹೂಳಿ.

ಐದನೆಯ ಹೆಜ್ಜೆ: ಲಕ್ಷಣ ಓದುವುದು

ಆರೋಗ್ಯವಾಗಿದ್ದಾಗ ಹೇಗಿರುತ್ತದೆ ಎಂದು ಗೊತ್ತಿದ್ದರೆ ಮಾತ್ರ ಕೆಟ್ಟದ್ದು ಗೊತ್ತಾಗುತ್ತದೆ. ರಾತ್ರಿ ಗೂಡು ಮುಚ್ಚುವಾಗ ಎರಡು ಕೋಳಿಯ ಮೇವುಚೀಲ ಮುಟ್ಟಿ ನೋಡಿ, ತುಂಬಿ ಗಟ್ಟಿಯಾಗಿರಬೇಕು. ಬೆಳಿಗ್ಗೆ ಮುಟ್ಟಿದರೆ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಉಂಡೆ ಸಿಕ್ಕರೆ ಒಳಗೆ ಏನೋ ನಿಂತಿದೆ ಎಂದರ್ಥ. ಹಿಕ್ಕೆಯ ಮೇಲೆ ಬಿಳಿ ಟೊಪ್ಪಿ ಸಹಜ. ನಡುನಡುವೆ ಕಂದು ಅಂಟಿನಂಥ ನಾರುವ ಹಿಕ್ಕೆಯೂ ಸಹಜ, ಹೊಸಬರು ಅದನ್ನು ಕಂಡು ಹೆದರಿ ಫೋನ್ ಮಾಡುತ್ತಾರೆ.

ವಿಷದಲ್ಲಿ ಕಾಣುವುದು ಬೇರೆ. ಹುಷಾರಾಗಿದ್ದ ಕೋಳಿ ಇದ್ದಕ್ಕಿದ್ದಂತೆ ತೂರಾಡುವುದು, ನಡುಕ, ಬಾಯಲ್ಲಿ ಜೊಲ್ಲು, ಬಾಯಿ ತೆರೆದು ಏದುಸಿರು, ಜುಟ್ಟು ನೀಲಿಗಟ್ಟುವುದು, ರಕ್ತ ಬೆರೆತ ಭೇದಿ. ಒಂದೇ ಹೊತ್ತಿನಲ್ಲಿ ಎರಡು ಮೂರು ಕೋಳಿಗಳಿಗೆ ಹೀಗಾಗಿ ಅವು ಒಂದೇ ಕಡೆ ಮೇಯ್ದಿದ್ದರೆ ಅನುಮಾನ ಬಲವಾಗುತ್ತದೆ. ಒಂದೇ ಕೋಳಿ ದಿನೇ ದಿನೇ ಸೊರಗುತ್ತಿದ್ದರೆ ಕಾರಣಗಳು ಹತ್ತಾರು.

ಇಲ್ಲಿ ನಾನೇ ಎಡವಿದ್ದನ್ನು ಹೇಳಬೇಕು. ಒಂದು ಬೇಸಗೆಯಲ್ಲಿ ನನ್ನ ಬೂದುಬಣ್ಣದ ಹೇಂಟೆಯೊಂದು ಬೆಳಿಗ್ಗೆ ಕತ್ತನ್ನು ನೆಲಕ್ಕೆ ಚಾಚಿ ಬಿದ್ದಿತ್ತು. ಕಣ್ಣು ಮುಚ್ಚುತ್ತ ತೆರೆಯುತ್ತ ಇತ್ತು, ಎತ್ತಿದರೆ ಕತ್ತು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಬೇಲಿಯ ಬದಿಯಲ್ಲಿ ದತ್ತೂರಿ ಇತ್ತಲ್ಲ, ಅದೇ ಎಂದು ತೀರ್ಮಾನಿಸಿ ಅಂದೇ ಐದು ಗಿಡ ಕಿತ್ತೆ. ಮಧ್ಯಾಹ್ನದೊಳಗೆ ಹೇಂಟೆ ಸತ್ತಿತು, ಮರುದಿನ ಇನ್ನೊಂದು ಬಿತ್ತು. ಪಶುವೈದ್ಯರು ಸತ್ತದ್ದರ ಮೇವುಚೀಲ ಕೊಯ್ದು ತೋರಿಸಿದರು: ದತ್ತೂರಿಯ ಒಂದು ಬೀಜವೂ ಇಲ್ಲ, ಬಿಳಿ ಹುಳುಗಳು ತುಂಬಿದ್ದವು. ಸೌದೆ ರಾಶಿಯ ಹಿಂದೆ ಇಲಿ ಸತ್ತು ಕೊಳೆತಿತ್ತು, ಅದರ ಹುಳುವನ್ನು ಅವು ಹಬ್ಬದಂತೆ ತಿಂದಿದ್ದವು. ಬೊಟುಲಿಸಂ. ಕೊಳೆತ ಹೆಣದಲ್ಲಿ ಹುಟ್ಟುವ ವಿಷ ಹುಳುವಿನೊಳಗೆ ಸೇರಿ ಕೋಳಿಯ ಕತ್ತು, ರೆಕ್ಕೆ, ಕಾಲನ್ನು ಸೋಲಿಸುತ್ತದೆ. ದತ್ತೂರಿ ಕೀಳುವ ಬದಲು ಮೂಗು ಹಿಡಿದುಕೊಂಡು ಹಿತ್ತಲು ಸುತ್ತಿದ್ದರೆ ಎರಡನೆಯದಾದರೂ ಉಳಿಯುತ್ತಿತ್ತು.

ಕತ್ತು ತಿರುಚಿಕೊಂಡು ಹಸಿರು ಭೇದಿ ಆಗುತ್ತಿದ್ದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಎಳೆ ಕೋಳಿ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಬಿದ್ದರೆ ಮಾರೆಕ್ಸ್ ರೋಗದ ಗುರುತು. ಇಲಿ ಪಾಷಾಣ, ಔಷಧ ಲೇಪಿಸಿದ ಬಿತ್ತನೆ ಬೀಜ, ಹೊಸದಾಗಿ ಸಿಂಪಡಿಸಿದ ಕೀಟನಾಶಕ, ಇವನ್ನೆಲ್ಲ ಗಿಡದ ಮೇಲೆ ಆರೋಪ ಹೊರಿಸುವ ಮೊದಲು ನೆನಪಿಸಿಕೊಳ್ಳಿ.

ಆರನೆಯ ಹೆಜ್ಜೆ: ತಿಂದಿದೆ ಎಂದು ಗೊತ್ತಾದಾಗ

1. ಎಲ್ಲ ಕೋಳಿಗಳನ್ನೂ ಆ ಜಾಗದಿಂದ ಗೂಡಿಗೆ ಓಡಿಸಿ. ಬಿದ್ದ ಕೋಳಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬೆಚ್ಚಗಿನ ಮಬ್ಬು ಬೆಳಕಿನಲ್ಲಿ ಬೇರೆ ಇಡಿ.

2. ಕೊಕ್ಕು ತೆರೆದು ನೋಡಿ. ಎಲೆ, ಕಾಯಿ ಕಾಣುತ್ತಿದ್ದರೆ ಬೆರಳಿನಿಂದ ತೆಗೆಯಿರಿ. ಗಂಟಲಾಳಕ್ಕೆ ಕೈ ಹಾಕಬೇಡಿ.

3. ಪಶುವೈದ್ಯರಿಗೆ ಫೋನ್ ಮಾಡಿ. ಏನು ತಿಂದಿತು, ಎಷ್ಟು, ಯಾವಾಗ, ಕೋಳಿಯ ತೂಕವೆಷ್ಟು, ಇವು ನಾಲ್ಕು ಗೊತ್ತಿದ್ದರೆ ಅವರ ಕೆಲಸ ಸುಲಭ. ವಿಷ ಹೀರಿಕೊಳ್ಳುವ ಸಕ್ರಿಯ ಇದ್ದಿಲು ಕೊಡಬೇಕೆ, ಎಷ್ಟು, ಕೊಳವೆಯಲ್ಲೋ ಹೇಗೋ ಎಂಬುದನ್ನು ಅವರೇ ಹೇಳಲಿ.

4. ಗಿಡದ ರೆಂಬೆಯನ್ನು ಹೂ, ಕಾಯಿ ಸಮೇತ ಕಿತ್ತು ಚೀಲದಲ್ಲಿಡಿ. ತಾಜಾ ಹಿಕ್ಕೆಯನ್ನೂ ಒಂದು ಡಬ್ಬಿಯಲ್ಲಿ ತೆಗೆದಿಡಿ.

ಮಾಡಬಾರದ್ದು ಇದಕ್ಕಿಂತ ಮುಖ್ಯ. ಎಣ್ಣೆ, ಹಾಲು, ಉಪ್ಪುನೀರು ಬಾಯಿಗೆ ಹೊಯ್ಯಬೇಡಿ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ತೆರೆದಿರುತ್ತದೆ, ಹೊಯ್ದದ್ದು ಸೀದಾ ಪುಪ್ಪುಸಕ್ಕೆ ಹೋಗುತ್ತದೆ. ಕಾಲು ಹಿಡಿದು ತಲೆಕೆಳಗು ಮಾಡಿ ಮೇವುಚೀಲ ಹಿಂಡುವವರಿದ್ದಾರೆ. ವಿಷದಿಂದ ಬದುಕುತ್ತಿದ್ದ ಕೋಳಿ ಹಾಗೆ ಉಸಿರುಗಟ್ಟಿ ಸಾಯುತ್ತದೆ. ಪ್ರಜ್ಞೆ ಇದ್ದರೆ ಮುಂದೆ ನೀರಿನ ಬಟ್ಟಲು ಇಡಿ, ಕುಡಿದರೆ ತಾನೇ ಕುಡಿಯಲಿ.

ಸತ್ತರೆ ಹೆಣವನ್ನು ಹೂಳಲು ಅವಸರ ಬೇಡ. ಚೀಲದಲ್ಲಿ ಸುತ್ತಿ ತಣ್ಣಗಿಡಿ, ಮಂಜುಗಟ್ಟಿಸಬೇಡಿ. ಮಂಜುಗಟ್ಟಿದರೆ ಒಳಗಿನ ಅಂಗಾಂಶ ಕೆಟ್ಟು ಪರೀಕ್ಷೆಗೆ ಬಾರದು. ಬದುಕುಳಿದ ಕೋಳಿಗಳ ಮೊಟ್ಟೆ, ಮಾಂಸವನ್ನು ವೈದ್ಯರು ಆಗಬಹುದು ಎನ್ನುವವರೆಗೆ ಮುಟ್ಟಬೇಡಿ. ಆ ಮೊಟ್ಟೆಯನ್ನು ನಾಯಿಗೂ ಹಾಕಬೇಡಿ.

ಮತ್ತೆ ಹೊರಗೆ ಬಿಡುವಾಗ

ಚೇತರಿಸಿಕೊಂಡ ಹೇಂಟೆಯನ್ನು ಒಂದೇ ಸಲ ಗುಂಪಿಗೆ ಬಿಟ್ಟರೆ ಉಳಿದವು ಕುಕ್ಕಿ ಹಾಕುತ್ತವೆ. ಜಾಲರಿಯ ಈಚೆ ಆಚೆ ಎರಡು ದಿನ ಮುಖ ನೋಡಿಕೊಳ್ಳಲಿ, ಆಮೇಲೆ ಸಂಜೆಯ ಹೊತ್ತು ಬೆರೆಸಿ. ಕಿತ್ತ ಗಿಡದ ಜಾಗಕ್ಕೆ ಕಲ್ಲೋ ಒತ್ತಾದ ಹುಲ್ಲೋ ಹಾಕಿ, ಬರೀ ಮಣ್ಣು ಬಿಟ್ಟರೆ ಕೆದಕಿ ಕೆದಕಿ ಹಳೆಯ ಬೀಜವನ್ನು ಅವೇ ಮೇಲಕ್ಕೆ ತರುತ್ತವೆ. ಮೊದಲ ಮಳೆ ಬಿದ್ದು ಹತ್ತು ದಿನವಾದ ಮೇಲೆ ನಕ್ಷೆ ಹಿಡಿದು ಇನ್ನೊಂದು ಸುತ್ತು ಹಾಕಿ. ಹರಳು, ಗಿಲಿಗಿಚ್ಚಿ, ದತ್ತೂರಿ ಎಲ್ಲವೂ ಆಗ ಎಳೆಯ ಸಸಿಗಳು, ಎರಡು ಬೆರಳಲ್ಲಿ ಹಿಡಿದೆಳೆದರೆ ಬೇರು ಸಮೇತ ಬರುತ್ತವೆ.